ಮೊಳೆ ಹೊಡೆಯದ ಕುರ್ಚಿ

ಇಲ್ಲಿ ಬರೆಯುತ್ತಿರುವುದರಲ್ಲಿ ನಡೆದದ್ದೆಷ್ಟು, ಆಮೇಲೆ ನಾನೇ ಸೇರಿಸಿಕೊಂಡದ್ದೆಷ್ಟು ಎಂಬುದು ನನಗೆ ಖಚಿತವಿಲ್ಲ. ಎರಡನೆಯ ಮಹಾಯುದ್ಧದ ಲಡಾಯಿ ಮುಗಿಯುವುದಕ್ಕೆ ಎರಡು ವರ್ಷ ಮುಂಚಿನ ಮಳೆಗಾಲ. ಆ ಮಳೆಗಾಲದಲ್ಲಿ ನಾನು ಕುಮಟೆಯ ಹತ್ತಿರದ ಬಾಡದಲ್ಲಿ ಕುರ್ಚಿ ಮಾಡುವುದನ್ನು ಕಲಿತೆ. ಅದೇ ಮಳೆಗಾಲದಲ್ಲಿ ದೇವಕಿ ಎಂಬ ಇಪ್ಪತ್ತು ವರ್ಷದ ಬಸುರಿ ಹೆಂಗಸು ಸತ್ತಳು. ಇಷ್ಟು ನಿಶ್ಚಿತ. ಆ ಸಾವಿಗೂ ನನ್ನ ಕುರ್ಚಿಗೂ ಇರುವ ಸಂಬಂಧ ಏನು ಎಂಬುದರ ಬಗ್ಗೆ ನನ್ನಲ್ಲಿ ಒಂದು ಕತೆ ಇತ್ತು. ಮೂವತ್ತು ವರ್ಷ ಅದನ್ನು ನಂಬಿದ್ದೆ. ಮುಂಬಯಿಯಲ್ಲಿ ಮೇಷ್ಟರಾದ ಮೇಲೆ ಪ್ರತಿ ವರ್ಷ ವಿದ್ಯಾರ್ಥಿಗಳ ಮುಂದೆ ಹೇಳಿದೆ. ಹೇಳಿ ಹೇಳಿ ಅದಕ್ಕೆ ಪಾಲಿಶ್ ಹಾಕಿದ ಮರದ ಹೊಳಪು ಬಂದಿತ್ತು. ಅಷ್ಟು ಹೊಳೆಯುವ ನೆನಪನ್ನು ನಾನು ಈಗ ನಂಬುವುದಿಲ್ಲ.

ಅನುಮಾನ ಹುಟ್ಟಿದ್ದು ಹೋದ ವರ್ಷ. ಯಾವುದೋ ಮದುವೆಗೆಂದು ಕುಮಟೆಗೆ ಹೋಗಿದ್ದೆ. ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಹಿಂದಿನ ಗರಗಸದ ಮಿಲ್ಲಿನಿಂದ ವಾಸನೆ ಬಂತು. ಬಹಳ ಕಾಲ ಹೊಳೆಯ ಕೆಸರಲ್ಲಿ ಮುಳುಗಿದ್ದ ಹಲಸಿನ ದಿಮ್ಮಿಯನ್ನು ಕೊಯ್ದಾಗ ಬರುವ ವಾಸನೆ ಅದು. ಮೊದಲು ಸತ್ತ ಮೀನಿನ ಹಾಗೆ, ಆಮೇಲೆ ಸಿಹಿ. ನನ್ನ ಬಸ್ಸು ಬಂತು, ಹೋಯಿತು. ನಾನು ಬಾಡದ ಕಡೆ ಹೋಗುವ ಬಸ್ಸು ಹತ್ತಿದೆ.

ಅಲ್ಲಿ ಏನು ಕೇಳಿದೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ನನಗೆ ನೆನಪಿರುವ ಕ್ರಮದಲ್ಲೇ ಹೇಳಿಬಿಡುತ್ತೇನೆ.

ಬಿ.ಎ.ಯಲ್ಲಿ ತರ್ಕಶಾಸ್ತ್ರ ಓದಿ, ಅದರಿಂದ ಏನೂ ಆಗದು ಅನ್ನಿಸಿ, ನಾನು ಮುಂಬಯಿಯ ಒಂದು ಕಲಾಶಾಲೆಯಲ್ಲಿ ಒಳಾಂಗಣ ವಿನ್ಯಾಸದ ತರಗತಿ ಸೇರಿದ್ದೆ. ಕೊನೆಯ ವರ್ಷ ಪ್ರತಿಯೊಬ್ಬನೂ ಒಂದು ಪೀಠೋಪಕರಣವನ್ನು ಕೈಯಾರೆ ಮಾಡಿ, ಅದರ ಅಳತೆಯ ನಕಾಶೆಗಳನ್ನು ಬರೆದು ಒಪ್ಪಿಸಬೇಕಾಗಿತ್ತು. ಸಾಗವಾನಿಯೆಲ್ಲ ಲಡಾಯಿಗೆ ಹೋಗುತ್ತಿದ್ದ ಕಾಲ. ಮುಂಬಯಿಯ ಕಾರ್ಖಾನೆಗಳಲ್ಲಿ ವಿದ್ಯಾರ್ಥಿಗಳಿಗೆ ಒಂದು ಚೂರು ಮರ ಸಿಗುತ್ತಿರಲಿಲ್ಲ. ನಿಮ್ಮ ನಿಮ್ಮ ಊರಿಗೆ ಹೋಗಿ, ಒಬ್ಬ ಒಳ್ಳೆಯ ಬಡಗಿಯ ಹತ್ತಿರ ಕಲಿತು ಬನ್ನಿ ಎಂದರು. ನನ್ನ ಸೋದರಮಾವ ಕುಮಟೆಯಲ್ಲಿ ಒಬ್ಬ ವಕೀಲರ ಗುಮಾಸ್ತರಾಗಿದ್ದರು. ಬಾಡದ ನಾಗಪ್ಪ ಆಚಾರಿಯ ಪರಿಚಯ ಮಾಡಿಸಿದವರು ಅವರೇ.

ನಾನು ಬರಿಗೈಯಲ್ಲಿ ಹೋಗಿರಲಿಲ್ಲ. ಮೇ ತಿಂಗಳಲ್ಲಿ ಭಟ್ಕಳಕ್ಕೆ ಹೋಗಿ, ಒಬ್ಬ ಹಿರಿಯ ವ್ಯಾಪಾರಿಯ ಮನೆಯ ಜಗಲಿಯಲ್ಲಿದ್ದ ಬೀಟೆಯ ಕುರ್ಚಿಯೊಂದನ್ನು ಮೂರು ದಿನ ಕೂತು ಬರೆದುಕೊಂಡಿದ್ದೆ. ಬೆನ್ನಿನ ಮೇಲೆ ಬಳ್ಳಿ, ತೋಳಿನ ತುದಿಗೆ ಸುರುಳಿ. ನಾನು ಅಳೆಯುವುದನ್ನು ನೋಡುತ್ತಿದ್ದ ಆ ಹಿರಿಯರು ನಕ್ಕಿದ್ದರು. "ಬರೀರಿ ಭಾಯಿ, ಬರೀರಿ. ನಮ್ಮ ಅಜ್ಜನ ಕಾಲದಿಂದ ಇದ್ರ ಮೇಲೆ ಯಾರೂ ಕೂತಿಲ್ಲ. ಮದುವೆ ದಿನ ಮದುಮಗ ಒಂದ್ ತಾಸು ಕೂರ್ತಾನೆ, ಸೊಂಟ ಹಿಡ್ಕೊಂಡು ಏಳ್ತಾನೆ."

ಆ ನಕಾಶೆಯನ್ನು ನಾಗಪ್ಪ ಆಚಾರಿಯ ಮುಂದೆ ಹಾಸಿದೆ. ಐವತ್ತು ದಾಟಿದ, ತೆಳ್ಳಗಿನ, ಮಾತಿಗೆ ಮುಂಚೆ ಎರಡು ಸಲ ಕೆಮ್ಮುವ ಮನುಷ್ಯ. ಹಾಳೆಯನ್ನು ಬಹಳ ಹೊತ್ತು ನೋಡಿದ.

"ಚಂದ ಅದೆ," ಎಂದ. "ಇದ್ರಲ್ಲಿ ಯಾರು ಕೂರೂದು ತಮಾ?"

"ಯಾರಾದರೂ."

"ಯಾರಾದ್ರೂ ಅನ್ನೋ ಮನ್ಶನಿಗೆ ಕಾಲು ಎಷ್ಟುದ್ದ?"

ನನಗೆ ಉತ್ತರ ಇತ್ತು. ಕೂರುವ ಹಲಗೆ ನೆಲದಿಂದ ಹದಿನೆಂಟು ಇಂಚು, ಹಾಗೆಂದು ಪುಸ್ತಕದಲ್ಲಿದೆ ಎಂದೆ. ಅವನು ಪುಸ್ತಕಕ್ಕೆ ಗೌರವ ಕೊಡುವವನಂತೆ ತಲೆಯಾಡಿಸಿದ. ಆಮೇಲೆ ತನ್ನ ಹೆಂಡತಿಯ ಸಂಗತಿ ಹೇಳಿದ. ಹಿಂದಿನ ಮಳೆಗಾಲದಲ್ಲಿ ಆಕೆಗೆ ಜ್ವರ ಏರಿ ಪ್ರಜ್ಞೆ ತಪ್ಪಿತ್ತು. ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಒಂದೇ ಬಸ್ಸು ಕೂಡ ಮಳೆ ಬಿದ್ದ ಮೇಲೆ ಬರುತ್ತಿರಲಿಲ್ಲ. ಗದ್ದೆಯ ಅಂಚಿನಲ್ಲಿ, ಹಳ್ಳ ದಾಟಿ, ಕುಮಟೆಯ ಆಸ್ಪತ್ರೆಗೆ ಎರಡು ತಾಸಿನ ದಾರಿ. ಕಂಬಳಿಯ ಎರಡು ತುದಿಯನ್ನು ಬಿದಿರಿಗೆ ಕಟ್ಟಿ, ಆಕೆಯನ್ನು ಅದರಲ್ಲಿ ಮಲಗಿಸಿ ಹೊತ್ತರು. ಒದ್ದೆ ಕಂಬಳಿ ಇಳಿಬಿದ್ದು ಆಕೆ ಒಳಗೆ ಮಡಚಿಕೊಂಡಳು. ಗದ್ದ ಎದೆಗೆ ಒತ್ತಿತ್ತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಇಳಿಸಿದಾಗ ಉಸಿರಿರಲಿಲ್ಲ.

"ಜ್ವರಕ್ಕೆ ಸತ್ತಳೋ, ಮಡಚ್ಕಂಡು ಸತ್ತಳೋ, ಯಾರಿಗೆ ಗೊತ್ತು," ಎಂದ. "ನೀನು ಕುರ್ಚಿ ಮಾಡೂದೇ ಆದ್ರೆ, ಕೂತವ್ರನ್ನ ಎತ್ಕಂಡು ಹೋಗುಕೆ ಬರೋ ಹಂಗೆ ಮಾಡು. ಮರ ನಾನು ಕೊಡ್ತೆ. ನನ್ನ ಮಗಳು ಬಾಳಂತನಕ್ಕೆ ಬಂದವಳೆ. ಶ್ರಾವಣದಲ್ಲಿ ದಿನ ತುಂಬ್ತದೆ."

ಭಟ್ಕಳದ ನಕಾಶೆಯನ್ನು ಸುತ್ತಿ ಇಟ್ಟೆ. ನನ್ನ ಪೀಠೋಪಕರಣ ಅದೇ ಎಂದು ತೀರ್ಮಾನವಾಯಿತು: ರೋಗಿಯನ್ನೋ ಬಸುರಿಯನ್ನೋ ಕೂರಿಸಿ ಇಬ್ಬರು ಹೊರಬಹುದಾದ ಕುರ್ಚಿ.

ಮರ ಹೊನ್ನಾವರದಲ್ಲಿತ್ತು. ಆಚಾರಿಯ ಭಾವಮೈದುನ ಅಲ್ಲಿ ಹೊಳೆಯ ಉಪ್ಪುನೀರಿನ ಕೆಸರಲ್ಲಿ ಎರಡು ವರ್ಷದಿಂದ ಒಂದು ಹಲಸಿನ ದಿಮ್ಮಿಯನ್ನು ಹೂತಿಟ್ಟಿದ್ದ. ಹಾಗೆ ನೆನೆದ ಮರಕ್ಕೆ ಹುಳ ಬೀಳುವುದಿಲ್ಲ. ಮಳೆಗೆ ಮುಂಚೆ ನಾವಿಬ್ಬರೂ ಹೋಗಿ ಅದನ್ನು ಎಳೆಸಿ, ಕೊಯ್ಯಿಸಿ, ಗಾಡಿಯಲ್ಲಿ ತಂದೆವು. ನನ್ನ ಬಟ್ಟೆಗೆ ಹತ್ತಿದ ಆ ವಾಸನೆ ಎರಡು ಒಗೆತಕ್ಕೂ ಹೋಗಲಿಲ್ಲ. ಮಾವನ ಮನೆಯಲ್ಲಿ ನನಗೆ ಜಗಲಿಯಲ್ಲೇ ಊಟ ಹಾಕಿದರು.

ದೇವಕಿಯನ್ನು ನಾನು ಮೊದಲು ಕಂಡದ್ದು ಆ ಮರ ಇಳಿಸಿದ ದಿನ. ಗಂಡ ಪುಣೆಯ ಕಾರ್ಖಾನೆಯಲ್ಲಿ ಲಡಾಯಿಗೆ ಪೆಟ್ಟಿಗೆ ಮಾಡುತ್ತಿದ್ದ. ತಾಯಿ ಇಲ್ಲದ ತವರು. ಮನೆಯಲ್ಲಿ ಹೆಣ್ಣು ದಿಕ್ಕೆಂದರೆ ಆಚಾರಿಯ ವಿಧವೆ ತಂಗಿ ಸುಬ್ಬಕ್ಕ ಮಾತ್ರ. ದೇವಕಿ ಬಾಗಿಲಿಗೆ ಒರಗಿ ನಿಂತು, ಕೆಸರಾದ ನನ್ನನ್ನು ಮೇಲಿಂದ ಕೆಳಗೆ ನೋಡಿ ಅಪ್ಪನಿಗೆ ಹೇಳಿದಳು: "ಅಪ್ಪಾ, ದಿಮ್ಮಿ ಒಂದೇ ತತ್ತೆ ಅಂದಿದ್ಯಲ. ಎರಡು ತಂದ್ಯ?"

ಆಕೆಯೇ ನಮ್ಮ ಅಳತೆಗೋಲಾದಳು. ಆಚಾರಿ ಮೊದಲು ನನ್ನ ಪುಸ್ತಕದ ಪ್ರಕಾರವೇ ಹದಿನೆಂಟು ಇಂಚಿಗೆ ಇಟ್ಟಿಗೆ ಪೇರಿಸಿ, ಮೇಲೆ ಹಲಗೆ ಇಟ್ಟು, ಮಗಳನ್ನು ಕೂರಿಸಿದ. ಅವಳ ಹಿಮ್ಮಡಿ ನೆಲ ಮುಟ್ಟಲಿಲ್ಲ.

"ಅಣ್ಣಾ, ನಿಮ್ಮ ಮುಂಬೈಲಿ ಹೆಂಗಸ್ರಿಗೆ ಕಾಲು ಉದ್ದ ಅದ್ಯ?" ಎಂದು ಕೇಳಿದಳು. "ನಂದು ಹುಣಸೆಕಾಯಿ ಹಂಗೆ ನೇತಾಡ್ತದೆ."

"ಬೂಟು ಹಾಕ್ತಾರೆ," ಎಂದೆ. ಅದು ತಮಾಷೆಯಾಗಿರಲಿಲ್ಲ. ಆ ಹದಿನೆಂಟು ಇಂಚು ಬೂಟು ಹಾಕಿದ, ಬೇರೆ ದೇಶದ, ಹೊಟ್ಟೆ ತುಂಬ ಉಂಡ ಕಾಲಿನದು ಎಂದು ನನಗೆ ಹೊಳೆದದ್ದು ಆ ಮಾತು ಬಾಯಿಂದ ಹೊರಟ ಮೇಲೆ.

ಆಚಾರಿ ತೆಂಗಿನ ಗರಿಯ ಒಂದು ಕಡ್ಡಿ ತೆಗೆದುಕೊಂಡ. ಅಳತೆಪಟ್ಟಿಯನ್ನು ಅವನು ಮುಟ್ಟುತ್ತಿರಲಿಲ್ಲ. ಸುಬ್ಬಕ್ಕ ಆ ಕಡ್ಡಿಯನ್ನು ದೇವಕಿಯ ಮಂಡಿಯ ಹಿಂಬದಿಯಿಂದ ಹಿಮ್ಮಡಿಯವರೆಗೆ ಹಿಡಿದಳು. ಆಚಾರಿ ಉಗುರಿನಿಂದ ಗೀರಿದ. ಸೊಂಟದ ಹಿಂದಿನಿಂದ ಮಂಡಿಯವರೆಗೆ ಒಂದು ಗೀರು. ಮೊಣಕೈ ಎತ್ತರಕ್ಕೆ ಒಂದು. ನನ್ನ ಪಟ್ಟಿಯಲ್ಲಿ ನೋಡಿದರೆ ಮೊದಲನೆಯದು ಹದಿನೈದೂಕಾಲು ಇಂಚು. ಹಲಗೆ ಅದಕ್ಕಿಂತ ಎತ್ತರವಾದರೆ ಅಂಚು ತೊಡೆಯ ಅಡಿಗೆ ಒತ್ತುತ್ತದೆ, ಮೊದಲೇ ಬಾತ ಕಾಲು ಇನ್ನೂ ಬಾಯುತ್ತದೆ. ಹಲಗೆ ಹೆಚ್ಚು ಆಳವಾದರೆ ಬೆನ್ನು ಹಿಂದಕ್ಕೆ ತಾಗುವುದಿಲ್ಲ, ಕೂತವರು ಜಾರುತ್ತಾರೆ. ಹೊತ್ತು ನಡೆಯುವಾಗ ಅದು ಜೀವಕ್ಕೇ ಬರುವ ಮಾತು. ಬೆನ್ನು ಎಷ್ಟು ಹಿಂದಕ್ಕೆ ವಾಲಬೇಕು ಎಂಬುದಕ್ಕೆ ನನ್ನ ಪುಸ್ತಕದಲ್ಲಿ ಕೋನಗಳ ಪಟ್ಟಿ ಇತ್ತು. ಆಚಾರಿ ಹಲಗೆಯ ಹಿಂದೆ ಚಕ್ಕೆ ಸೇರಿಸುತ್ತ, ತೆಗೆಯುತ್ತ, ಮಗಳ ಮುಖ ನೋಡುತ್ತಿದ್ದ.

"ಅವಳು ಮಾತು ನಿಲ್ಸಿದ್ರೆ ಸರಿ ಬಂತು ಹೇಳಿ," ಎಂದ ನನಗೆ.

ಅವಳು ನಿಲ್ಲಿಸಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟು ಅಪ್ಪನನ್ನೂ ನನ್ನನ್ನೂ ಪುಣೆಯ ಗಂಡನನ್ನೂ ಬಯ್ಯುತ್ತಿದ್ದಳು. ಒಂದು ಚಕ್ಕೆಗೆ ಥಟ್ಟನೆ ಸುಮ್ಮನಾಗಿ ಕಣ್ಣು ಮುಚ್ಚಿದಳು. ಆಚಾರಿ ಆ ಚಕ್ಕೆಯ ಮೇಲೆ ಸುಣ್ಣದ ಗುರುತು ಹಾಕಿದ. ನಾನು ಕಲಿತ ವಿದ್ಯೆಯ ಬುಡ ಇದೇ. ಅದರ ಮೇಲೆ ನಂತರ ಎಷ್ಟೋ ಇಂಗ್ಲಿಷ್ ಶಬ್ದಗಳನ್ನು ಪೇರಿಸಿದ್ದೇನೆ.

ಮೃಗಶಿರ ಮಳೆ ಸರಿಯಾದ ಸಮಯಕ್ಕೇ ಹಿಡಿಯಿತು. ನಾನು ವಾರದಲ್ಲಿ ನಾಲ್ಕು ದಿನ ಬಾಡದಲ್ಲಿ, ಉಳಿದ ದಿನ ಮಾವನ ಮನೆಯಲ್ಲಿ. ರೇಷನ್ ಅಕ್ಕಿಯಲ್ಲಿ ಕಲ್ಲು ಮಾತ್ರ ಧಾರಾಳ. ಆಚಾರಿಯ ಮನೆಯಲ್ಲಿ ಗಂಜಿ ದಿನದಿಂದ ದಿನಕ್ಕೆ ತೆಳ್ಳಗಾಗುತ್ತಿತ್ತು. ದೇವಕಿಯ ತಟ್ಟೆಗೆ ಮಾತ್ರ ಅಗುಳು ಹಾಕಿ, ಉಳಿದವರು ತಿಳಿ ಕುಡಿಯುತ್ತಿದ್ದರು. ಆರಿದ್ರಾ ಮಳೆಯಲ್ಲಿ ಕೊಟ್ಟಿಗೆಯ ಗೋಡೆ ಕುಸಿಯಿತು. ಆಚಾರಿಯ ಕೆಮ್ಮು ಹೆಚ್ಚಿತು.

ಒಂದು ದಿನ ಅವನು ನಾನು ಕೀಸಿದ ಒಂದು ಉದ್ದ ತುಂಡನ್ನು ನನ್ನ ಹೆಗಲ ಮೇಲಿಟ್ಟು, ಹಳ್ಳದವರೆಗೆ ನಡೆದು ವಾಪಸು ಬಾ ಎಂದ. ಬಂದೆ. ಹೆಗಲು ಕೆಂಪಾಗಿತ್ತು. "ಈಗ ಗೊತ್ತಾತ, ಕಾಲು ಇಂಚು ಅಂದ್ರೆ ಎಷ್ಟು ಭಾರ ಹೇಳಿ?" ಎಂದ. ಅಂದಿನಿಂದ ನಾನು ಪ್ರತಿ ತುಂಡನ್ನೂ ಮುರಿಯುವ ಭಯ ಬರುವವರೆಗೆ ಕೀಸಿದೆ. ಕೂರುವ ಜಾಗಕ್ಕೆ ಹಲಗೆ ಬೇಡ, ಬೆತ್ತ ಹೆಣೆಯೋಣ ಎಂದು ಸೂಚಿಸಿದವನು ನಾನು. ಅವನು ಒಪ್ಪಿದ. ಆ ಮಳೆಗಾಲದಲ್ಲಿ ನಾನು ಹೆಮ್ಮೆಪಟ್ಟುಕೊಳ್ಳಬಹುದಾದ ಕ್ಷಣ ಅದೊಂದೇ.

ಆ ಮನೆಯಲ್ಲಿ ಕೊಡತಿಯ, ಆ ದುಂಡು ಮುಖದ ಮರದ ಸುತ್ತಿಗೆಯ, ಸದ್ದು ಇರಲಿಲ್ಲ. ಬಡಗಿಯ ಮನೆಯಲ್ಲಿ ಹೊಡೆಯುವ ಸದ್ದಿಲ್ಲದಿರುವುದು ನನಗೆ ಗೊತ್ತಾಗಲು ಕೆಲವು ದಿನ ಹಿಡಿಯಿತು. ಗರಗಸ ಓಡುತ್ತಿತ್ತು, ಕೀಸುಳಿ ಓಡುತ್ತಿತ್ತು, ಆಚಾರಿ ಉಳಿಯನ್ನು ಅಂಗೈಯಲ್ಲಿ ಒತ್ತಿ ಒತ್ತಿ ತೂತು ಕೆತ್ತುತ್ತಿದ್ದ. ಆದರೆ ಒಂದು ಮೊಳೆ ಹೊಡೆಯುತ್ತಿರಲಿಲ್ಲ. ಮಾಡಿನ ಕೆಳಗೆ ಒಂದು ಕಿಟಕಿ, ಎರಡು ಬಾಗಿಲ ಚೌಕಟ್ಟು, ಒಂದು ತೊಟ್ಟಿಲು, ಎಲ್ಲ ಬಿಡಿಬಿಡಿಯಾಗಿ ಗೋಡೆಗೆ ಒರಗಿದ್ದವು. ಕೇಳಿದೆ.

"ಬಸ್ರಿ ಇದ್ದ ಮನೇಲಿ ಮೊಳೆ ಹೊಡೆಯೂದಿಲ್ಲ, ತೂತು ಮುಚ್ಚೂದಿಲ್ಲ," ಎಂದ ಆಚಾರಿ.

"ಹೊಡೆದರೆ?"

"ಹೊಡೆಯೂದಿಲ್ಲ."

ನಾನು ತರ್ಕಶಾಸ್ತ್ರ ಓದಿದವನು. ಕಾರಣ ಯಾವುದು, ಪರಿಣಾಮ ಯಾವುದು ಎಂದು ಏನೋ ಹೇಳಿದೆ. ಒಳಗಿನಿಂದ ದೇವಕಿಯ ಧ್ವನಿ ಬಂತು: "ಹೊಡೀರಿ ಅಣ್ಣಾ, ನಂಗೆ ಎಂತ ಆಗೂದಿಲ್ಲ. ಅಪ್ಪ ಬೈದ್ರೆ ಹೊಟ್ಟೇಲಿದ್ದವ ಹೇಳ್ದ ಅಂತ ಹೇಳಿ." ಸುಬ್ಬಕ್ಕ ಅವಳ ಬಾಯಿ ಮುಚ್ಚಿಸಿದಳು.

ಆದರೆ ಕುರ್ಚಿಗೆ ಮೊಳೆ ಬೇಕೇ ಬೇಕಿತ್ತು. ಒಂದು ಮರದ ತುದಿಯ ನಾಲಿಗೆ ಇನ್ನೊಂದರ ತೂತಿನಲ್ಲಿ ಕೂರುವ ಎಂಟು ಕಡೆಗಳಲ್ಲಿ ಅಡ್ಡಕ್ಕೆ ಬೈರಿಗೆ ಹಾಕಿ ಬಿದಿರಿನ ಮೊಳೆ ಹೊಡೆಯಬೇಕು. "ಈ ಮಳೇಲಿ ಅಂಟು ಒಣಗೂದಿಲ್ಲ ತಮಾ. ಬಿದಿರು ಮೊಳೆ ಇಲ್ದೇ ಇದ್ರೆ ನಾಲಿಗೆ ಜಾರ್ತದೆ," ಎಂದು ಆಚಾರಿ ನಾಲ್ಕು ಸಲವಾದರೂ ಹೇಳಿದ್ದ. ಪುನರ್ವಸು ಮಳೆಯ ಕೊನೆಗೆ ತುಂಡುಗಳೆಲ್ಲ ತಯಾರಾದವು. ಬೆತ್ತ ಹೆಣೆದಾಗಿತ್ತು. ಹೊರುವ ಬಿದಿರು ತೂರಿಸಲು ತೋಳಿನ ಕೆಳಗೆ ಬಳೆಗಳೂ ಆಗಿದ್ದವು. ಪಕ್ಕದ ಮನೆಯ ಕೊಟ್ಟಿಗೆಯಲ್ಲಿ ಅರ್ಧ ದಿನ ಕೂತರೆ ಮೊಳೆ ಹೊಡೆದು ಮುಗಿಸಬಹುದು, ಕೇಳಿ ಇಟ್ಟಿದ್ದೇನೆ ಎಂದ ಆಚಾರಿ.

ಬೇಡ, ಕುಮಟೆಗೆ ಒಯ್ಯುತ್ತೇನೆ ಎಂದೆ. ಅಲ್ಲಿಯೇ ಮೊಳೆ ಹೊಡೆದು, ಪಾಲಿಶ್ ಹಚ್ಚಿ, ಪರೀಕ್ಷೆಗೆ ನಕಾಶೆ ಬರೆದುಕೊಂಡು, ಒಂದು ಫೋಟೋ ತೆಗೆಸಿ ತಂದುಬಿಡುತ್ತೇನೆ. ಮೂರು ದಿನ.

ಈ ಮಾತನ್ನು ನಾನು ಆಡಿದ್ದು ನಿಜ. ಇದರ ಬಗ್ಗೆ ನನಗೆ ಎಂದೂ ಅನುಮಾನ ಬಂದಿಲ್ಲ. ಏಕೆಂದರೆ ದೇವಕಿಯ ಉತ್ತರ ಕಿವಿಯಲ್ಲಿದೆ. ಕೊನೆಯ ಸಲ ಹಗ್ಗ ಬಿಗಿದು ನಿಲ್ಲಿಸಿದ್ದ ಕುರ್ಚಿಯಲ್ಲಿ ಕೂತು ನೋಡಿ, ಎದ್ದು, ಸೊಂಟಕ್ಕೆ ಕೈ ಕೊಟ್ಟು ನಿಂತು ಹೇಳಿದಳು: "ಮೂರು ಅಂದ್ರೆ ಮೂರೇ ದಿನ ಅಣ್ಣಾ. ಇವ ನಾಲ್ಕನೇ ದಿನ ಕಾಯೋ ಪೈಕಿ ಅಲ್ಲ." ಆಚಾರಿ ನನ್ನ ಕೈಗೆ ಹನ್ನೆರಡು ಬಿದಿರಿನ ಮೊಳೆಗಳ ಕಟ್ಟು ಕೊಟ್ಟ. ಬೇಕಾದದ್ದು ಎಂಟು, ನಾಲ್ಕು ಹೆಚ್ಚಿಗೆ.

ಕುಮಟೆಯಲ್ಲಿ ಮಾವನ ಮನೆಯ ಮಹಡಿಯ ಕೋಣೆ ಒಣಗಿತ್ತು, ಬೆಳಕಿತ್ತು. ಮೊದಲ ದಿನವೇ ಅಂಟು ಹಾಕಿ ಜೋಡಿಸಿದೆ. ಕುರ್ಚಿ ಎದ್ದು ನಿಂತಿತು. ಅಷ್ಟು ಸಣ್ಣ ಮೈ, ಅಷ್ಟು ತೆಳು ಕೈಕಾಲು, ಹಳದಿ ಮರ. ಅದರ ಮೇಲೆ ಎಂಟು ಕಡೆ ಬೈರಿಗೆ ಹಾಕಲು ನನಗೆ ಮನಸ್ಸು ಬರಲಿಲ್ಲ. ಎದುರಿನಿಂದ ನೋಡಿದರೆ ಬಿದಿರಿನ ತುದಿಗಳು ಸಿಡುಬಿನ ಕಲೆಯಂತೆ ಕಾಣುತ್ತವೆ. ಮುಖ ಸ್ವಚ್ಛವಾಗಿರಬೇಕು ಎಂದು ನಮ್ಮ ಪ್ರೊಫೆಸರು ಹೇಳುತ್ತಿದ್ದರು. ನಕಾಶೆ ಮುಗಿಯಲಿ, ಫೋಟೋ ಆಗಲಿ, ಆಮೇಲೆ ಹೊಡೆದರಾಯಿತು ಎಂದುಕೊಂಡೆ.

ಪಾಲಿಶ್ ಒಣಗಲಿಲ್ಲ. ಒದ್ದೆ ಗಾಳಿಗೆ ನಕಾಶೆಯ ಹಾಳೆ ಉಬ್ಬಿ ಶಾಯಿ ಹರಡಿತು. ಇನ್ನೊಂದು ಹಾಳೆಯಲ್ಲಿ ಮತ್ತೆ ಮೊದಲಿನಿಂದ. ಫೋಟೋದವನು ಬಿಸಿಲು ಬೇಕು ಎಂದ. ಪುಷ್ಯ ಮಳೆಯಲ್ಲಿ ಬಿಸಿಲು ಎಲ್ಲಿಂದ? ಮೂರು ದಿನ ಆಯಿತು. ಆರು ದಿನ ಆಯಿತು. ಪ್ರತಿ ಬೆಳಿಗ್ಗೆ ಇವತ್ತು ಕಳಿಸುತ್ತೇನೆ ಎಂದು ಏಳುತ್ತಿದ್ದೆ. ಬೆತ್ತದ ಹೆಣಿಗೆಯ ನೆರಳನ್ನು ಗೆರೆ ಗೆರೆಯಾಗಿ ಬರೆಯುತ್ತ ಮಧ್ಯಾಹ್ನವಾಗುತ್ತಿತ್ತು. ಶ್ರಾವಣ ಇನ್ನೂ ದೂರ ಇದೆ ಎಂಬುದು ನನ್ನ ಲೆಕ್ಕ. ಕೊನೆಗೆ ಫೋಟೋ ಬಿಟ್ಟೆ. ಒಂದು ದಿನ ನಡುಮಧ್ಯಾಹ್ನ ಕೊನೆಯ ಗೆರೆ ಎಳೆದು, ಹಾಳೆಯ ಮೂಲೆಯಲ್ಲಿ ಸಹಿ ಮಾಡಿ, ತಾರೀಖು ಹಾಕಿದೆ. ಆಗಲೇ ಮಾವ ಬಜಾರಿನಿಂದ ಇಬ್ಬರು ಹೊರೆಯಾಳುಗಳನ್ನು ಕರೆತಂದಿದ್ದರು. ಅವರು ಇನ್ನೊಂದು ತಾಸು ಕಾಯುವುದಿಲ್ಲ, ಹಳ್ಳ ಏರುತ್ತಿದೆ ಎಂದರು. ಮೊಳೆಯ ಕಟ್ಟನ್ನು ಕುರ್ಚಿಯ ತೋಳಿಗೆ ಕಟ್ಟಿ, ಆಚಾರಿಯೇ ಹೊಡೆದುಕೊಳ್ಳಲಿ ಎಂದು ಕಳಿಸಿಬಿಟ್ಟೆ. ಶಾಯಿ ಒಣಗಿಸುವ ಕೆಲಸ ಇತ್ತು, ನಾನು ಹೋಗಲಿಲ್ಲ.

ಮಾರನೆಯ ಸಂಜೆ ಮಾವ ಕಚೇರಿಯಿಂದ ಬಂದು ಕೊಡೆ ಮಡಚುತ್ತ ಹೇಳಿದರು: "ಆಚಾರಿ ಮಗಳು ತೀರಿಕೊಂಡಳಂತಲೋ. ಆ ಹೊರೆಯಾಳುಗಳು ಹೇಳಿದರು. ನೋವು ಶುರುವಾಗಿ ಇತ್ತ ಹೊತ್ತು ತರುವಾಗ, ಹಳ್ಳದ ಹತ್ತಿರ. ಕೂಸೂ ಇಲ್ಲ."

ನಾನು ಏನೂ ಕೇಳಲಿಲ್ಲ. ಕೇಳುವುದೇನಿತ್ತು? ನಾನು ಕುರ್ಚಿ ಕಳಿಸಿದ್ದೆ, ಅವಳನ್ನು ಹೊತ್ತು ತಂದಿದ್ದರು, ದಾರಿಯಲ್ಲಿ ಸತ್ತಿದ್ದಳು.

ಎರಡು ದಿನ ಬಿಟ್ಟು ಹಳ್ಳ ಇಳಿದ ಮೇಲೆ ಬಾಡಕ್ಕೆ ಹೋದೆ. ಕುರ್ಚಿ ಅಂಗಳದ ಮಳೆಯಲ್ಲಿ ಒಂದು ಮಗ್ಗುಲಿಗೆ ಬಿದ್ದಿತ್ತು. ಹಿಂದಿನ ಬಲಗಾಲು ಬೆತ್ತ ಹೊತ್ತ ಚೌಕಟ್ಟಿನ ಪಟ್ಟಿಯಿಂದ ಬೇರೆಯಾಗಿ, ನಾಲಿಗೆ ಪೂರ್ತಿ ಹೊರಗೆ ಬಂದಿತ್ತು. ಚೊಕ್ಕ ನಾಲಿಗೆ, ಮೊಳೆಯ ತೂತಿಲ್ಲದ್ದು. ಪಟ್ಟಿಯ ಮೇಲೆ ಒಂದು ದುಂಡನೆಯ ತಗ್ಗು ಬಿದ್ದಿತ್ತು; ಹಳ್ಳದ ಕಲ್ಲಿಗೆ ತಾಗಿರಬೇಕು ಎಂದುಕೊಂಡೆ. ತೋಳಿಗೆ ಕಟ್ಟಿದ ಬಿದಿರಿನ ಮೊಳೆಗಳು ಹಾಗೇ ಇದ್ದವು. ನಾಗಪ್ಪ ಆಚಾರಿ ಜಗಲಿಯಲ್ಲಿ ಕಂಬಕ್ಕೆ ಒರಗಿ ಕೂತಿದ್ದ. ಎರಡು ಸಲ ಕೆಮ್ಮಿದ. "ಆತು ತಮಾ," ಎಂದ. "ನೀನು ಮುಂಬೈಗೆ ಹೋಗು."

ಹೋದೆ. ಒಡೆದ ಕುರ್ಚಿಯನ್ನು ಒಯ್ಯಲಾಗಲಿಲ್ಲ, ನಕಾಶೆಯನ್ನಷ್ಟೇ ಒಪ್ಪಿಸಿದೆ. ಬೆತ್ತದ ನೆರಳನ್ನು ಬರೆದ ರೀತಿಗೆ ತರಗತಿಯಲ್ಲೇ ಹೆಚ್ಚಿನ ಅಂಕ ಬಂತು. ಆ ಹಾಳೆಯನ್ನು ಎರಡು ವರ್ಷ ಶಾಲೆಯ ಗೋಡೆಗೆ ತೂಗುಹಾಕಿದ್ದರು. ಆಚಾರಿ ಮರುವರ್ಷದ ಮಳೆಗಾಲ ನೋಡಲಿಲ್ಲ ಎಂದು ಮಾವ ಕಾಗದ ಬರೆದರು.

ಆಮೇಲಿನ ವರ್ಷಗಳಲ್ಲಿ ನಾನು ಮೇಷ್ಟರಾಗಿ ಪ್ರತಿ ಹೊಸ ತರಗತಿಗೂ ಜೋಡಣೆಯ ಪಾಠ ಮಾಡುವ ದಿನ ಈ ಕತೆ ಹೇಳಿದೆ. ಹಳ್ಳದ ನಡುವೆ ಹೊರೆಯಾಳುವಿನ ಕಾಲು ಜಾರುತ್ತದೆ, ಭಾರ ಒಂದೇ ಕಡೆ ಬೀಳುತ್ತದೆ, ಮೊಳೆ ಇಲ್ಲದ ನಾಲಿಗೆ ತೂತಿನಿಂದ ಹೊರಬರುತ್ತದೆ, ಆಕೆ ನೀರಿಗೆ ಬೀಳುತ್ತಾಳೆ. ನಾನು ಕಣ್ಣಾರೆ ನೋಡಿದ ಹಾಗೆ ಹೇಳುತ್ತಿದ್ದೆ. ವಿದ್ಯಾರ್ಥಿಗಳು ಪೆನ್ನು ಕೆಳಗಿಡುತ್ತಿದ್ದರು. ಒಂದು ಹುಡುಗಿ ಒಮ್ಮೆ ಅತ್ತಳು. ನನ್ನ ತಪ್ಪನ್ನು ನಾನೇ ಒಪ್ಪಿಕೊಳ್ಳುವ ಪ್ರಾಮಾಣಿಕ ಮನುಷ್ಯ ಎಂದು ಅವರು ತಿಳಿದರು. ನಾನೂ ತಿಳಿದೆ. ಆ ತಪ್ಪಿಗೊಂದು ಅನುಕೂಲವಿತ್ತು. ಅದು ಕಸುಬಿನ ತಪ್ಪು. ಕಲಿಯುವವನು ಮಾಡುವಂಥದ್ದು, ಅಂಕ ಕಳೆದರೆ ಮುಗಿಯುವಂಥದ್ದು.

ಈಗ ಹೋದ ವರ್ಷಕ್ಕೆ ಬರುತ್ತೇನೆ. ಬಾಡದಲ್ಲಿ ಆ ಮನೆ ಇರಲಿಲ್ಲ. ಸುಬ್ಬಕ್ಕ ಇದ್ದಳು, ಸಂಬಂಧಿಕರ ಮನೆಯ ಹಿತ್ತಲ ಕೋಣೆಯಲ್ಲಿ, ಎರಡೂ ಕಣ್ಣಿಗೆ ಪೊರೆ ಬಂದು. ಹೆಸರು ಹೇಳಿದೆ. "ಮುಂಬೈ ತಮನ?" ಎಂದು ಗಾಳಿಯಲ್ಲಿ ಕೈ ಚಾಚಿ ನನ್ನ ತೋಳು ಹುಡುಕಿ ಹಿಡಿದಳು. ಅಷ್ಟು ವರ್ಷ ಆಡದ ಮಾತನ್ನು ಅವಳಿಗೆ ಆಡಿದೆ: ಮೊಳೆ ಹೊಡೆಯದೆ ಕಳಿಸಿದೆ, ಕುರ್ಚಿ ಮುರಿದು ದೇವಕಿ ಬಿದ್ದಳು, ತಪ್ಪಾಯಿತು.

"ಎಂತ ಹೇಳ್ತಿ ನೀನು?" ಎಂದಳು ಮುದುಕಿ. "ಕುರ್ಚಿ ಎಲ್ಲಿತ್ತು ಆವಾಗ? ಕಂಬಳೀಲಿ ಅಲ್ವ ಹೊತ್ತದ್ದು. ನಮ್ಮಣ್ಣ ದಾರಿ ತುಂಬ ಹೇಳ್ತಾ ಬಂದ, ಕುಮಟೆಗೆ ಮುಟ್ಟೂದ್ರೊಳಗೆ ಎದುರಿಗೆ ಕುರ್ಚಿ ಬತ್ತದೆ, ಮುಂಬೈ ತಮ ಇವತ್ತು ತತ್ತ ಹೇಳಿ. ನಿಲ್ಸಿ ನಿಲ್ಸಿ ನೋಡ್ದ. ಹಳ್ಳದ ಹತ್ರ ಹೆಣ್ಣು ಸುಮ್ನಾತು."

"ಕುರ್ಚಿ ಮುರಿದಿತ್ತಲ್ಲ. ನಾನು ನೋಡಿದೆನಲ್ಲ."

"ಸುಟ್ಟು ಬಂದ ಮರುದಿನ ಅಂಗಳಕ್ಕೆ ಖಾಲಿ ಕುರ್ಚಿ ಬಂತು. ಅಣ್ಣ ಕೊಡತಿ ತಕಂಡು ಹೊಡ್ದ. ಒಂದೇ ಪೆಟ್ಟು. ಮತ್ತೆ ಕೊಡತಿ ಮುಟ್ಲಿಲ್ಲ."

ನಾನು ನಂಬಲಿಲ್ಲ. ಮುದುಕಿಗೆ ಎಂಬತ್ತರ ಹತ್ತಿರ; ದೇವಕಿ ಸಾಯುವ ಹಿಂದಿನ ವರ್ಷ ಅತ್ತಿಗೆಯನ್ನು ಕಂಬಳಿಯಲ್ಲಿ ಹೊತ್ತದ್ದನ್ನೂ ಇದನ್ನೂ ಕಲೆಸಿಕೊಂಡಿದ್ದಾಳೆ ಎಂದು ತರ್ಕಿಸಿದೆ. ನೆನಪು ಹೀಗೆ ಎರಡು ಸಂಗತಿಗಳನ್ನು ಒಂದು ಮಾಡುವುದು ಸಾಮಾನ್ಯ. ಬಸ್ಸಿನಲ್ಲಿ ಕೂತು ಇದನ್ನೇ ನನಗೆ ನಾನು ವಿವರಿಸಿಕೊಂಡೆ. ಆದರೆ ಪಟ್ಟಿಯ ಮೇಲಿನ ಆ ದುಂಡನೆಯ ತಗ್ಗು ಮತ್ತೆ ಮತ್ತೆ ಕಣ್ಣಿಗೆ ಬಂತು. ಹಳ್ಳದ ಕಲ್ಲು ಅಷ್ಟು ದುಂಡಗೆ ಒತ್ತುವುದಿಲ್ಲ. ಕೊಡತಿಯ ಮುಖ ಒತ್ತುತ್ತದೆ. ಇಷ್ಟು ವರ್ಷ ಮರದ ಕೆಲಸ ಕಲಿಸಿದವನಿಗೆ ಅದು ಗೊತ್ತಿರಬೇಕಾಗಿತ್ತು.

ಮುಂಬಯಿಗೆ ಬಂದು ಟ್ರಂಕಿನಿಂದ ಆ ನಕಾಶೆ ತೆಗೆದೆ. ಹಾಳೆ ಹಳದಿಯಾಗಿದೆ, ಬೆತ್ತದ ನೆರಳು ಮಾತ್ರ ಇನ್ನೂ ಚೆನ್ನಾಗಿದೆ. ಅದನ್ನು ತೆಗೆದುಕೊಂಡು ಮತ್ತೆ ಕುಮಟೆಗೆ ಹೋದೆ. ಹಳೆಯ ಜನನ ಮರಣದ ದಫ್ತರುಗಳನ್ನು ತೋರಿಸಲು ಅರ್ಜಿ ಕೊಟ್ಟು, ಎರಡು ದಿನ ಬೆಂಚಿನ ಮೇಲೆ ಕಾದೆ. ಗೆದ್ದಲು ಅಂಚು ತಿಂದಿತ್ತು, ಆ ಪುಟ ಉಳಿದಿತ್ತು. ಬಾಡ, ನಾಗಪ್ಪ ಆಚಾರಿಯ ಮಗಳು ದೇವಕಿ, ವಯಸ್ಸು ಇಪ್ಪತ್ತು, ಹೆರಿಗೆಯಲ್ಲಿ ಮರಣ, ಎದುರಿಗೆ ತಾರೀಖು. ಗುಮಾಸ್ತನಿಂದ ಎರಡು ಸಲ ಓದಿಸಿದೆ, ಆಮೇಲೆ ನಾನೇ ಓದಿದೆ. ನಕಾಶೆಯನ್ನು ಬೆಂಚಿನ ಮೇಲೆ ಬಿಚ್ಚಿದೆ. ಮೂಲೆಯಲ್ಲಿ ನನ್ನ ಸಹಿಯ ಕೆಳಗೆ ನನ್ನದೇ ಅಕ್ಷರದಲ್ಲಿರುವ ತಾರೀಖು, ಕುರ್ಚಿ ಕಳಿಸಿದ ದಿನದ್ದು, ದಫ್ತರಿನ ತಾರೀಖಿನ ಮರುದಿನದ್ದು.